ಚಪ್ಪಡಿ ದಾರಿಯ ಕಾಫಿ ಗಿಡಗಳು

ನಮ್ಮ ಕಡೆಯ ಜನಕ್ಕೆ ಒಂದು ಒಳ್ಳೆಯ ಕೆಲಸ ಹೇಳಿ ನೋಡಿ. ಇಲ್ಲ ಎನ್ನುವುದಿಲ್ಲ, ಮಾಡುತ್ತಾರೆ. ಆದರೆ ನೀವು ಹೇಳಿದ ಆ ಒಂದು ಕೆಲಸ ಬಿಟ್ಟು ಅದರ ಸುತ್ತಮುತ್ತಲಿನದನ್ನೆಲ್ಲ ಮಾಡಿ, ಬೆವರು ಒರೆಸಿಕೊಂಡು, ಫೋಟೋ ತೆಗೆಸಿಕೊಂಡು, ಊಟ ಮಾಡಿ ಹೋಗುತ್ತಾರೆ. ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಇಳಿದ ಮೇಲೆ ಬರೆಯೋಣ ಎಂದು ಒಂದು ಮಳೆಗಾಲ ಪೂರ್ತಿ ಕಾದೆ. ಇಳಿಯಲಿಲ್ಲ.

ಬಾಳ್ಳುಪೇಟೆಯಿಂದ ಒಳಕ್ಕೆ ತಿರುಗುವ ರಸ್ತೆಯಲ್ಲಿ, ದಿಣ್ಣೆಯ ಮೇಲೆ, ಒಂದು ಹಳೆಯ ಹೆಂಚಿನ ಮನೆಯಿದೆ. ತೋಟದ ಮನೆತನವೊಂದು ಅದನ್ನು ನಮ್ಮ ಟ್ರಸ್ಟಿಗೆ ಬಿಟ್ಟುಕೊಟ್ಟಿತ್ತು. ಬುಧವಾರ ಬುಧವಾರ ಅಲ್ಲಿ ಪುಕ್ಕಟೆ ಫಿಸಿಯೋಥೆರಪಿ. ಹಾಸನದಿಂದ ಒಬ್ಬ ಹುಡುಗಿ ಬಸ್ಸಿನಲ್ಲಿ ಬರುತ್ತಾಳೆ. ಲಕ್ವ ಹೊಡೆದವರು, ಬೈಕಿನಿಂದ ಬಿದ್ದವರು, ಮರದಿಂದ ಬಿದ್ದವರು, ಎಲ್ಲರ ಕೈಕಾಲು ಮಡಿಸಿ, ಬಿಡಿಸಿ, ಚೆನ್ನಾಗಿ ಬೈದು ಕಳಿಸುತ್ತಾಳೆ. ನಾನು ಹೈಸ್ಕೂಲಿನಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಬೆಳಗೋಡಿನ ಹತ್ತಿರ ನಮ್ಮದೂ ಒಂದು ತುಂಡು ಕಾಫಿ ತೋಟವಿದೆ. ಟ್ರಸ್ಟಿನಲ್ಲಿ ನಾನು ಏನು ಎಂದು ಇದುವರೆಗೆ ಯಾರೂ ಹೇಳಿಲ್ಲ. ಬೀಗದ ಕೈ ನನ್ನ ಹತ್ತಿರ ಇರುತ್ತದೆ, ಗ್ಯಾಸ್ ಖಾಲಿಯಾದರೆ ಫೋನು ನನಗೆ ಬರುತ್ತದೆ.

ರಸ್ತೆಯಿಂದ ಆ ಮನೆಗೆ ಹೋಗಲು ಇರುವುದು ಕಡಿದಾದ ಕಲ್ಲಿನ ಮೆಟ್ಟಿಲು. ಕಾಲಿಲ್ಲದವರ ಚಿಕಿತ್ಸೆಗೆ ಮೆಟ್ಟಿಲು! ಯಾವ ಪುಣ್ಯಾತ್ಮನಿಗೂ ಇದು ಹೊಳೆಯಲಿಲ್ಲ, ನನಗೂ ಮೊದಲ ಬುಧವಾರದವರೆಗೆ ಹೊಳೆದಿರಲಿಲ್ಲ. ಆದರೆ ಪಕ್ಕದಲ್ಲಿ ಇನ್ನೊಂದು ದಾರಿಯಿತ್ತು. ಆ ಮನೆ ತೋಟದ ಮನೆಯಾಗಿದ್ದ ಕಾಲದಲ್ಲಿ ಕಾಫಿ ಹಣ್ಣಿನ ಮೂಟೆಗಳನ್ನು ಕೈಗಾಡಿಯಲ್ಲಿ ಹಿತ್ತಿಲ ಕಣಕ್ಕೆ ತಳ್ಳಿಕೊಂಡು ಹೋಗಲು ಚಪ್ಪಡಿ ಹಾಸಿ ಮಾಡಿದ ದಾರಿ. ಮೆಟ್ಟಿಲಿಲ್ಲದೆ ಓರೆಯಾಗಿ, ನಿಧಾನವಾಗಿ ಏರುತ್ತದೆ. ಅದು ಎಷ್ಟೋ ವರ್ಷದಿಂದ ಹಾಳುಬಿದ್ದು ಲಂಟಾನ, ನಾಚಿಕೆಮುಳ್ಳು, ಇನ್ನೂ ಏನೇನೋ ಹಂಬು ಹೆಣೆದುಕೊಂಡು, ಕೆಳಗೆ ಕಲ್ಲಿದೆ ಎನ್ನುವುದೇ ಕಾಣುತ್ತಿರಲಿಲ್ಲ.

ಆ ದಾರಿ ಬಿಡಿಸಲೇಬೇಕು ಎಂದು ನಾನು ಹಟ ಹಿಡಿದದ್ದು ಒಂದು ಜೋಡಿಗಾಗಿ. ಗಂಡ ಹೆಂಡತಿ, ಪಾಳ್ಯದ ಕಡೆಯವರು. ಅವನದು ಮರಗಸಿ ಕೆಲಸ. ಕಾಫಿಗೆ ಬೇಕಾದಷ್ಟೇ ಬಿಸಿಲು ಬೀಳಲಿ ಎಂದು ದೊಡ್ಡ ಮರ ಹತ್ತಿ ಕೊಂಬೆ ಸವರುವುದಕ್ಕೆ ನಮ್ಮಲ್ಲಿ ಮರಗಸಿ ಎನ್ನುತ್ತೇವೆ. ಒಂದು ದಿನ ಸವರುತ್ತಿದ್ದ ಕೊಂಬೆಯ ಜೊತೆಗೇ ಕೆಳಗೆ ಬಂದ. ತೋಳು ಇವತ್ತಿಗೂ ಒನಕೆಯ ಹಾಗಿವೆ, ಸೊಂಟದ ಕೆಳಗೆ ಮಾತ್ರ ಬಲವಿಲ್ಲ. ಅವಳು ತೋಟದಲ್ಲಿ ಹಣ್ಣು ಕುಯ್ಯುವವಳು, ಗಿಡದ ಬುಡದಲ್ಲಿ ಏಳುವ ಬೇಡದ ಚಿಗುರು ತೆಗೆಯುವವಳು. ಕುಳ್ಳಿ, ತೂಕದಲ್ಲಿ ಗಂಡನ ಅರ್ಧ. ಟ್ರಸ್ಟಿನ ವೀಲ್‌ಚೇರು ಮೇಲೆ ಜಗಲಿಯಲ್ಲಿ ಸುಮ್ಮನೆ ನಿಂತಿರುತ್ತಿತ್ತು. ಅವಳು ಆಟೋದಿಂದ ಅವನನ್ನು ಬೆನ್ನಿಗೆ ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಆಟೋದವನು ಹಿಂದಿನಿಂದ ಕಾಲು ಹಿಡಿದುಕೊಳ್ಳುತ್ತಿದ್ದ. ಬೇರೆ ಯಾರಾದರೂ ಎತ್ತಲು ಹೋದರೆ ಅವನು ಒಪ್ಪುತ್ತಿರಲಿಲ್ಲ, ಅವಳೂ ಬಿಡುತ್ತಿರಲಿಲ್ಲ.

ಫೆಬ್ರವರಿಯ ಒಂದು ಬುಧವಾರ ಕೊನೆಯ ಮೆಟ್ಟಿಲಿನಲ್ಲಿ ಅವಳ ಮೊಣಕಾಲು ಮಡಚಿಕೊಂಡಿತು. ಇಬ್ಬರೂ ಜಗಲಿಯ ಮೇಲೆ ಒಟ್ಟಿಗೆ ಬಿದ್ದರು. ಪೆಟ್ಟೇನೂ ಆಗಲಿಲ್ಲ. ಅವಳು ನಾಚಿಕೆಗೆ ನಕ್ಕು ಸೀರೆ ಸರಿಮಾಡಿಕೊಂಡಳು. ಅವನು ನಗಲಿಲ್ಲ.

"ಇನ್ ಮ್ಯಾಲೆ ನಾನು ಬರಲ್ಲ ಕಣಕ್ಕಾ," ಎಂದ ನನಗೆ. "ಹೆಂಡ್ತಿ ಬೆನ್ ಮ್ಯಾಲೆ ಕುಂತ್ಕಂಡು ಮೆರವಣಿಗೆ ಹೋಗಿದ್ದು ಸಾಕು."

ಫಿಸಿಯೋ ಹುಡುಗಿ ಒಳಗಿನಿಂದಲೇ ರೇಗಿದಳು. "ಬರಲ್ವಾ? ಬಲಗಾಲಿನ ಹೆಬ್ಬೆರಳು ಅಲ್ಲಾಡೋಕೆ ಶುರುವಾಗಿದೆ, ಗೊತ್ತಾ ನಿಮಗೆ? ತಪ್ಪಿಸದೆ ಬಂದ್ರೆ ಮಳೆಗಾಲದ ಹೊತ್ತಿಗೆ ಹಿಡ್ಕೊಂಡು ನಿಲ್ಲೋ ಹಾಗೆ ಮಾಡ್ತೀನಿ. ಈಗ ಬಿಟ್ರೆ ಕಾಲು ಕೊರಡಾಗುತ್ತೆ. ಆಮೇಲೆ ನನ್ನ ಮುಂದೆ ಬಂದು ಅಳಬೇಡಿ."

ಅವನು ಗೋಡೆ ನೋಡುತ್ತಾ ಕೂತ. ನನಗೆ ತಡೆಯಲಾಗಲಿಲ್ಲ. "ಒಂದು ವಾರ ತಡ್ಕೊಳಪ್ಪ. ಮುಂದಿನ ಬುಧವಾರ ವೀಲ್‌ಚೇರು ಕೆಳಗೆ ಗೇಟಿಗೆ ತಂದಿಟ್ಟಿರ್ತೀನಿ. ಪಕ್ಕದ ದಾರೀಲಿ ನೀನೇ ತಳ್ಳಿಕೊಂಡು ಬಾ. ಯಾರೂ ಹೊರೋದು ಬೇಡ," ಎಂದೆ.

"ದಾರಿ ಆಗ್ಲಿಲ್ಲ ಅಂದ್ರೆ?"

"ಆಗುತ್ತೆ."

"ಆಗ್ಲಿಲ್ಲ ಅಂದ್ರೆ ಮತ್ತೆ ನನ್ನ ಕರೀಬ್ಯಾಡಿ. ಅಷ್ಟೇ."

ಅವಳು ಸೊಂಟ ಹಿಡಿದುಕೊಂಡು ನನ್ನ ಮುಖ ನೋಡಿದಳು. ಮಾತು ಕೊಟ್ಟಾಗಿತ್ತು.

ಅವತ್ತೇ ಸಂಜೆ ಟ್ರಸ್ಟಿನ ವಾಟ್ಸಾಪ್ ಗುಂಪಿಗೆ ಮೆಸೇಜು ಹಾಕಿದೆ. ಭಾನುವಾರ ಶ್ರಮದಾನ, ಪಕ್ಕದ ದಾರಿ ಬಿಡಿಸಬೇಕು, ವೀಲ್‌ಚೇರು ಹೋಗುವ ಹಾಗಾಗಬೇಕು, ದಯವಿಟ್ಟು ಬನ್ನಿ. ಕೈ ಮುಗಿಯುವ ಗೊಂಬೆಗಳು, ಹೆಬ್ಬೆಟ್ಟುಗಳು, ಹೂವಿನ ಗೊಂಚಲುಗಳು ಸಾಲಾಗಿ ಬಂದವು. ಎರಡು ದಿನದ ಹಿಂದಷ್ಟೇ, ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಿದ್ದಿತ್ತು. ಕಾಫಿಯವರಿಗೆ ಹೂಮಳೆ ಬಿದ್ದರೆ ಮನಸ್ಸು ತೆರೆದಿರುತ್ತದೆ, ಯಾರನ್ನು ಏನು ಕೇಳಿದರೂ ಆಗಲಿ ಎನ್ನುತ್ತಾರೆ. ಮಳೆ ಬೀಳದ ಕಡೆಯವರು ಮಾತ್ರ ಸ್ಪ್ರಿಂಕ್ಲರ್ ಓಡುತ್ತಿದೆ, ಬಿಟ್ಟು ಬರಲಾಗುವುದಿಲ್ಲ ಎಂದು ಮುಖ ಸಪ್ಪೆ ಮಾಡಿಕೊಂಡರು.

ಭಾನುವಾರ ಜನ ಬಂದರು. ನಿಜ ಹೇಳಬೇಕು, ನಾನು ಎಣಿಸಿದ್ದಕ್ಕಿಂತ ಜಾಸ್ತಿಯೇ ಬಂದರು. ಮುಂದಾಳು ನಮ್ಮ ಸಾಹುಕಾರರು, ಆ ಸುತ್ತಿನ ದೊಡ್ಡ ಎಸ್ಟೇಟಿನವರು. ಒಳ್ಳೆಯ ಮನುಷ್ಯ, ಕೈ ದೊಡ್ಡದು, ಜೀಪಿನಲ್ಲಿ ಕಳೆ ಕೊಚ್ಚುವ ಮಷಿನ್ನು, ಕತ್ತಿ, ಗುದ್ದಲಿ ಎಲ್ಲ ಹೇರಿಕೊಂಡು ಬಂದಿದ್ದರು. ದೋಷ ಒಂದೇ. ಅವರಿಗೆ ಕಿವಿ ಇದ್ದದ್ದು ಟೋಪಿ ಕೂರಿಸುವುದಕ್ಕೆ.

"ಮೊದಲು ಪಕ್ಕದ ದಾರಿ," ಎಂದೆ.

"ಆಗ್ಲಿ ಟೀಚರಮ್ಮ. ಮೊದಲು ಮುಂದ್ಗಡೆ ಸ್ವಲ್ಪ ನೀಟ್ ಮಾಡಿಬಿಡಾಣ."

"ಮುಂದುಗಡೆಯಿಂದ ಯಾರಿಗೂ ತೊಂದರೆ ಇಲ್ಲ. ದಾರಿ."

"ದಾರಿ ಎಲ್ಲಿಗೋಯ್ತದೆ ಬುಡಿ, ಇಲ್ಲೇ ಐತಲ್ಲ!"

ಹೀಗೆ ಬೆಳಗ್ಗೆಯೆಲ್ಲ ಮುಂದುಗಡೆ ಹುಲ್ಲು ಕೊಚ್ಚಿದರು. ಯಾರೂ ಕೂರದ ಕಲ್ಲುಬೆಂಚಿನ ಸುತ್ತ ಗುಡಿಸಿದರು. ನೀರಿಲ್ಲದ ಬಾವಿಯ ಕಟ್ಟೆಗೆ ಸುಣ್ಣ ಬಳಿದರು. ಒಂದು ಕೇರೆ ಹಾವು ಹೊರಟು ಅದನ್ನು ನೋಡಲು ಎಲ್ಲರೂ ಕೆಲಸ ಬಿಟ್ಟು ನಿಂತರು, ಅದು ಹೋದ ಮೇಲೆ ತಮ್ಮ ತಮ್ಮ ತೋಟದ ಹಾವುಗಳ ಕತೆ ಹೇಳುತ್ತಾ ಇನ್ನೂ ಅಷ್ಟು ಹೊತ್ತು ನಿಂತರು. ಉಣುಗು ಕಚ್ಚಿತು ಎಂದು ಒಬ್ಬರು ಜಗಲಿ ಹತ್ತಿ ಕೂತವರು ಪಲಾವಿನ ಪಾತ್ರೆಯ ಮುಚ್ಚಳ ತೆಗೆಯುವವರೆಗೆ ಇಳಿಯಲಿಲ್ಲ. ನಾನು ಕಾಫಿ ಮಾಡಿ ಕೊಟ್ಟರೆ ಎಲ್ಲರೂ ಮೂಸಿ ನೋಡಿ, ಚಿಕೋರಿ ಜಾಸ್ತಿಯಾಗಿದೆ, ಪುಡಿ ಎಲ್ಲಿಂದ ತಂದಿರಿ ಎಂದು ವಿಚಾರಣೆ ಮಾಡಿದರು. ಅಯ್ಯೋ ಶಿವನೇ, ಕುಡಿದು ಕತ್ತಿ ಹಿಡಿಯಿರಿ ಎಂದೆ. ನಕ್ಕರು. ಹಾಸನ ಜಿಲ್ಲೆಯಲ್ಲಿ ಟೀಚರಿಗೆ ಸಿಟ್ಟು ಬಂದರೆ ಜನ ನಗುತ್ತಾರೆ.

ಊಟ ಮುಗಿಸಿ ಕೊನೆಗೂ ದಾರಿಗೆ ಕೈ ಹಾಕಿದರು. ಕೈ ಹಾಕಿದ ಮೇಲೆ ಮಾತಾಡುವ ಹಾಗಿಲ್ಲ, ತೋಟದವರ ಕೆಲಸವೇ ಕೆಲಸ. ಮಷಿನ್ನು ಹೊಕ್ಕಿತು, ಲಂಟಾನದ ಬುಡ ಕಿತ್ತರು, ಹಂಬು ಎಳೆದು ರಾಶಿ ಹಾಕಿದರು. ನೋಡನೋಡುತ್ತಿದ್ದಂತೆ ಕಪ್ಪು ಚಪ್ಪಡಿಗಳು ಒಂದೊಂದಾಗಿ ಎದ್ದು ಬಂದವು. ನನ್ನ ಎದೆ ತಣ್ಣಗಾಯಿತು. ಆಮೇಲೆ ಇದ್ದಕ್ಕಿದ್ದಂತೆ ಮಷಿನ್ನಿನ ಸದ್ದು ನಿಂತಿತು.

ಹೋಗಿ ನೋಡಿದರೆ ಎಲ್ಲರೂ ಗರ್ಭಗುಡಿಯ ಮುಂದೆ ನಿಂತವರ ಹಾಗೆ ನಿಂತಿದ್ದಾರೆ. ದಾರಿಯಲ್ಲಿ ಕಾಫಿ ಗಿಡಗಳು. ಆಗಿನ ಕಾಲದ ಮೂಟೆಗಳಿಂದ ಉದುರಿದ ಹಣ್ಣು ಚಪ್ಪಡಿ ಸಂದಿಯಲ್ಲಿ ಮೊಳೆತು, ಲಂಟಾನದ ಮರೆಯಲ್ಲಿ ಯಾರ ಕಣ್ಣಿಗೂ ಬೀಳದೆ ಆಳೆತ್ತರ ಬೆಳೆದಿದ್ದವು. ಕೆಲವು ಅಂಚಿಗೆ, ಕೆಲವು ನಟ್ಟನಡುವೆ. ಮಳೆಯ ನೀರು ಕುಡಿದು ಮೊಗ್ಗು ಬೆಳ್ಳಗೆ ಉಬ್ಬಿ ನಿಂತಿದ್ದವು.

"ನೋಡ್ರಯ್ಯಾ, ರೊಬಸ್ಟಾ! ಹಳೇ ತಳಿ," ಎಂದರು ಸಾಹುಕಾರರು, ಟೋಪಿ ತೆಗೆದು.

"ಗೊಬ್ರ ಇಲ್ಲ, ಆರೈಕೆ ಇಲ್ಲ, ಹೆಂಗ್ ಬಂದೈತೆ ನೋಡು ಮಾರಾಯ," ಎಂದರು ಇನ್ನೊಬ್ಬರು.

ಆಮೇಲೆ ಶುರುವಾಯಿತು. ಯಾರು ಹೇಳಿದರೋ, ಯಾರು ಹೇಳಲಿಲ್ಲವೋ, ಬೆಳಗ್ಗೆಯಿಂದ ಬೆನ್ನು ನೋವು ಎಂದವರೆಲ್ಲ ಬಗ್ಗಿದರು. ಒಣಗಿದ ಕಡ್ಡಿ ಸವರಿದರು. ಬುಡದಲ್ಲಿ ಎದ್ದ ಚಿಗುರು ಮುರಿದರು. ಕಾಫಿಯ ಅಡ್ಡಕೊಂಬೆಗೆ ನಾವು ರೆಕ್ಕೆ ಎನ್ನುತ್ತೇವೆ. ಯಾವ ರೆಕ್ಕೆ ಇಡಬೇಕು, ಯಾವುದು ತೆಗೆಯಬೇಕು ಎಂದು ಇಬ್ಬರು ಜಗಳವಾಡಿಯೇಬಿಟ್ಟರು. ನಡುದಾರಿಯ ಗಿಡಗಳಿಗೆ ಸುತ್ತ ಮಣ್ಣು ಕೊಟ್ಟು ಪಾತಿ ಮಾಡಿದರು. ಸಾಹುಕಾರರು ಜೀಪಿನಿಂದ ಗೊಬ್ಬರದ ಚೀಲ ತರಿಸಿ ಬುಡಕ್ಕೆ ಒಂದೊಂದು ಹಿಡಿ ಹಾಕಿಸಿದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅಂತಾರಲ್ಲ, ಹಾಗೆ ನನ್ನ ಕಣ್ಣೆದುರೇ ವೀಲ್‌ಚೇರಿನ ದಾರಿ ಕಾಫಿ ತೋಟವಾಯಿತು.

ನಾನು ಬಾಯಲ್ಲಿ ಹೇಳಿ ಸುಖವಿಲ್ಲ ಎಂದು ಮೇಲಿಂದ ವೀಲ್‌ಚೇರು ತಂದೆ. ಖಾಲಿ ಕುರ್ಚಿಯನ್ನು ಕೆಳಗಿನಿಂದ ತಳ್ಳಿಕೊಂಡು ಬಂದೆ. ಮೊದಲ ಗಿಡಕ್ಕೆ ಗಾಲಿ ತಾಗಿತು. ತಿರುಗಿಸಿದೆ. ಎರಡನೆಯದರ ರೆಕ್ಕೆ ಹಿಡಿಗೆ ಸಿಕ್ಕಿಕೊಂಡು ಕುರ್ಚಿ ಅಲ್ಲೇ ನಿಂತಿತು.

"ನೋಡಿ," ಎಂದೆ. "ಈಗ ಹೇಳಿ."

"ಸ್ವಲ್ಪ ಎಡಕ್ಕೆ ತಗೊಳ್ಳಿ," ಎಂದರು ಒಬ್ಬರು.

"ಕುರ್ಚಿ ಅಗಲ ಜಾಸ್ತಿಯಾಯ್ತು. ಸಣ್ಣದು ಸಿಗ್ತದೆ ಹಾಸನದಲ್ಲಿ," ಎಂದರು ಇನ್ನೊಬ್ಬರು.

"ಇವನ್ನು ಕಡಿಯಬೇಕು!" ಎಂದು ಕೂಗಿದೆ.

ಎಲ್ಲರೂ ನನ್ನ ಮುಖ ನೋಡಿದ ರೀತಿ! ಮಗುವಿನ ಕತ್ತು ಹಿಸುಕಿ ಎಂದಿದ್ದರೂ ಹಾಗೆ ನೋಡುತ್ತಿರಲಿಲ್ಲ. ಸಾಹುಕಾರರು ಬಹಳ ಸಮಾಧಾನದಿಂದ, ಬುದ್ಧಿ ಹೇಳುವವರ ಹಾಗೆ, "ಟೀಚರಮ್ಮ, ನೀವೂ ಕಾಫಿಯೋರೇ. ಮೊಗ್ಗು ಕಟ್ಟಿರೋ ಗಿಡಕ್ಕೆ ಯಾರಾದ್ರೂ ಕತ್ತಿ ಇಡ್ತಾರಾ? ಈಗಿನ ರೇಟಲ್ಲಿ? ಈ ಸಲದ ಕುಯ್ಲು ಆಗ್ಬುಡ್ಲಿ, ಆಮೇಲೆ ನೋಡಾಣ," ಎಂದರು. ಕುಯ್ಲು ಎಂದರೆ ಬರುವ ವರ್ಷದ ಜನವರಿ. ನನಗೆ ಬೇಕಾಗಿದ್ದು ಬರುವ ಬುಧವಾರ.

"ಹಾಗಾದ್ರೆ ನೀವೇ ಕಡೀರಿ," ಎಂದು ಯಾರೋ ಹಿಂದಿನಿಂದ ಅಂದರು. ಕೊಡಿ ಇಲ್ಲಿ ಎಂದು ಕತ್ತಿ ಕಸಿದುಕೊಂಡೆ. ಅವರೆಲ್ಲ ಪಾತಿ ಮಾಡಿದ ಗಿಡದ ಮುಂದೆ ಫೋಟೋ ತೆಗೆಸಿಕೊಂಡು ಹೋಗುವವರೆಗೆ ಹಿಡಿದುಕೊಂಡೇ ಇದ್ದೆ. ಜೀಪು ಹೋದ ಮೇಲೆ ಒಬ್ಬಳೇ ಗಿಡದ ಮುಂದೆ ಬಗ್ಗಿದೆ. ಮೊಗ್ಗಿನ ಗೊಂಚಲು ಗಿಣ್ಣಿಗೊಂದರಂತೆ ರೆಕ್ಕೆಯ ತುದಿಯವರೆಗೆ ಸಾಲಾಗಿ ಕೂತಿದ್ದವು. ಕತ್ತಿ ಎತ್ತಿದೆ, ಇಳಿಸಿದೆ. ಇನ್ನೊಮ್ಮೆ ಎತ್ತಿದೆ. ಥೂ ನನ್ನ ಜನ್ಮಕ್ಕಿಷ್ಟು ಎಂದು ನನಗೆ ನಾನೇ ಬೈದುಕೊಂಡು ಕತ್ತಿಯನ್ನು ಜಗಲಿಯಲ್ಲಿಟ್ಟು ಬೀಗ ಹಾಕಿ ಮನೆಗೆ ಹೋದೆ. ಮನೆಯಲ್ಲಿ ನಮ್ಮವರು ಎಲ್ಲ ಕೇಳಿ, "ಅಲ್ಲ, ಕಾಫಿ ಗಿಡಾನ ಹೆಂಗೆ ಕಡಿಯೋದು?" ಎಂದರು. ಅವತ್ತು ರಾತ್ರಿ ಅವರೇ ಅನ್ನಕ್ಕಿಟ್ಟುಕೊಂಡರು.

ಬುಧವಾರ ಬಂತು. ಸೋಮವಾರ, ಮಂಗಳವಾರ ನಾನು ಆಳು ಹುಡುಕದೆ ಇರಲಿಲ್ಲ. ಕೇಳಿದವರೆಲ್ಲ ಕಳೆ ಎಂದರೆ ಬರುತ್ತೇನೆ, ಕಾಫಿ ಗಿಡ ಎಂದರೆ ನನ್ನ ಕೈಯಲ್ಲಾಗುವುದಿಲ್ಲ ಎಂದರು. ಏನು ಹೇಳಲಿ ಅವನಿಗೆ ಎಂದು ಯೋಚಿಸುತ್ತಲೇ ವೀಲ್‌ಚೇರನ್ನು ಗೇಟಿಗೆ ಇಳಿಸಿ ನಿಂತಿದ್ದೆ. ಆಟೋ ಬಂತು. ಅವಳು ಅವನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದಳು. ಅವನು ಹೊಸ ಅಂಗಿ ಹಾಕಿಕೊಂಡಿದ್ದ. ತೋಳಿನಲ್ಲಿ ಗಾಲಿ ನೂಕಿಕೊಂಡು ದಾರಿಯ ತಲೆಗೆ ಬಂದು, ಗಿಡಗಳನ್ನು ನೋಡಿ ನಿಂತ.

ನಾನು ತಲೆ ತಗ್ಗಿಸಿದೆ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಕೈ ಚಾಚಿ ಒಂದು ರೆಕ್ಕೆ ಹತ್ತಿರ ಎಳೆದು ಮೊಗ್ಗನ್ನು ಹೆಬ್ಬೆರಳಿನಿಂದ ಸವರಿದ.

"ನಾಳೆ ನಾಡಿದ್ದರಲ್ಲಿ ಅರಳ್ತದೆ," ಎಂದ. "ಕಡೀಬ್ಯಾಡಿ ಅಕ್ಕಾ. ಪಾಪ, ಹೂವಿಗೆ ಬಂದಿರೋ ಗಿಡ. ನಾನೇನು, ಮನೇಲಿರ್ತೀನಿ."

ಕರ್ಮ! ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂದರೆ ಒಂದು ಥರ. ಇಲ್ಲಿ ವರ ಕೇಳಿದವನೇ ಬೇಡ ಎನ್ನುತ್ತಿದ್ದಾನೆ. ಮತ್ತು ಅದನ್ನು ಎಷ್ಟು ಸಲೀಸಾಗಿ ಹೇಳಿದ ಎಂದರೆ, ಮನೆಯಲ್ಲೇ ಇದ್ದುಬಿಡಲು ಅವನಿಗೆ ಒಂದು ನೆಪ ಬೇಕಿತ್ತು ಎಂದು ನನಗೆ ಅರ್ಥವಾಯಿತು. ಅವನ ಹೆಂಡತಿಗೆ ನನಗಿಂತ ಮೊದಲೇ ಅರ್ಥವಾಗಿತ್ತು. ಅವಳು ಊಟದ ಬ್ಯಾಗನ್ನು ಚಪ್ಪಡಿಯ ಮೇಲೆ ಇಟ್ಟಳು.

"ಅಕ್ಕಾ, ಕತ್ತಿ ಎಲ್ಲೈತೆ?"

ತಂದುಕೊಟ್ಟೆ.

"ಏಯ್, ಬ್ಯಾಡ ಕಣೇ," ಎಂದ ಅವನು. "ಮೊಗ್ಗು..."

"ಮುಚ್ಚು ಬಾಯಿ. ಹೂವ ನೋಡೋನು ನೀನು, ಹೊರೋಳು ನಾನು," ಎಂದಳು. "ಗಿಡ ಹೋದ್ರೆ ಇನ್ನೊಂದು ನೆಟ್ಕಂತಾರೆ. ನನ್ ಸೊಂಟ ಹೋದ್ರೆ ಯಾರು ನೆಟ್ಕೊಡ್ತಾರೆ?"

ಸೆರಗು ಸಿಕ್ಕಿಸಿ ಬಗ್ಗಿದಳು. ಹುಡುಗಿಯಾಗಿದ್ದಾಗಿನಿಂದ ತೋಟದಲ್ಲಿ ಹಣ್ಣು ಕುಯ್ದವಳು. ಒಂದು ರೆಕ್ಕೆ ಮುರಿದರೆ ತೋಟದ ಲೆಕ್ಕ ಬರೆಯುವ ರೈಟರು ಕೂಲಿಮನೆಗಳ ಇಡೀ ಲೈನಿಗೆ ಕೇಳುವ ಹಾಗೆ ಬೈಯುವುದನ್ನು ಕೇಳಿ ಬೆಳೆದವಳು. ಮೊದಲ ಏಟಿಗೆ ಕಣ್ಣು ಮುಚ್ಚಿಕೊಂಡಳು, ನಾನು ನೋಡಿದೆ. ಎರಡನೆಯ ಏಟಿಗೆ ಮುಚ್ಚಲಿಲ್ಲ. ಗಾಲಿ ಎಡವದ ಹಾಗೆ ಕಲ್ಲಿನ ಮಟ್ಟಕ್ಕೆ ಬುಡ ತರಿದು, ಪಾತಿಯ ಮಣ್ಣು ಕಾಲಿನಿಂದ ಒದ್ದು ಸರಿಸಿ, ಒಂದಾದ ಮೇಲೊಂದು ಕಡಿಯುತ್ತಾ ಮೇಲಕ್ಕೆ ಹೋದಳು. ನಾನು ಹಿಂದಿನಿಂದ ಕೊಂಬೆಗಳನ್ನು ಎಳೆದು ಹಾಕಿದೆ. ಅವನು ನೋಡುತ್ತಾ ಕೂತಿದ್ದ. ದಾರಿ ತುಂಬ ಹಸಿ ಎಲೆಯ ವಾಸನೆ.

ಕೊನೆಯ ಗಿಡ ಬಿದ್ದ ಮೇಲೆ ಅವಳು ಮೇಲಿನಿಂದ, "ಈಗ ಬಾ," ಎಂದು ಕೂಗಿದಳು.

ಅವನು ಬಂದ. ಮರ ಹತ್ತಿದ ತೋಳಲ್ಲವೇ, ಗಾಲಿ ತಿರುಗಿತು. ನಡುದಾರಿಯಲ್ಲಿ ಒಂದು ಕಡೆ ಕುರ್ಚಿ ಹಿಂದಕ್ಕೆ ಜಾರಿತು. ಅವಳು ಓಡಿಬಂದು ಹಿಡಿಯಲು ಹೋದಳು. "ಮುಟ್ಬ್ಯಾಡ," ಎಂದ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಅವನು ಏದುತ್ತಾ, ಹಲ್ಲು ಕಚ್ಚಿ, ಜಗಲಿಯವರೆಗೆ ತಾನೇ ಹೋದ. ಅವಳು ಹಿಂದೆ ನಡೆದಳು, ಬೆನ್ನ ಮೇಲೆ ಏನೂ ಇಲ್ಲದೆ, ಎರಡು ಕೈಯನ್ನೂ ಎಲ್ಲಿಡಬೇಕೆಂದು ತಿಳಿಯದವಳ ಹಾಗೆ. ನಾನು ಗೇಟಿನ ಹತ್ತಿರ ನಿಂತು ಅತ್ತೆ. ಫಿಸಿಯೋ ಹುಡುಗಿ ಮಾತ್ರ, ಅರ್ಧ ಗಂಟೆ ಲೇಟು ಎಂದು ಮೂವರಿಗೂ ಬೈದಳು.

ಇಷ್ಟಕ್ಕೆ ಮುಗಿಯಿತೇ? ಮುಗಿದರೆ ಅದು ನಮ್ಮೂರೇ ಅಲ್ಲ. ಸಂಜೆ ಗುಂಪಿನಲ್ಲಿ ಬುಡಗಳ ಫೋಟೋ, ಅಳುವ ಮುಖಗಳು. ಯಾರ ಕೆಲಸ ಇದು, ಇಂಥ ಕಟುಕರು ಯಾರು ಎಂದು ಸಾಹುಕಾರರು ಕೇಳಿದ್ದರು. ಅವಳು ನಾಳೆ ಇವರದೇ ತೋಟಗಳಿಗೆ ಕೆಲಸಕ್ಕೆ ಹೋಗಬೇಕಾದವಳು. ನಾನೇ ಕಡಿದೆ ಎಂದು ಹಾಕಿದೆ. ಒಂದು ಗಿಡಕ್ಕೂ ಕತ್ತಿ ಮುಟ್ಟಿಸಲಾಗದ ನಾನು ಆವತ್ತಿನಿಂದ ಕಾಫಿ ಕಡಿದ ಟೀಚರು. ಮದುವೆ ಮನೆಗಳಲ್ಲಿ ಇವತ್ತಿಗೂ ಜನ ನನ್ನನ್ನು ಅವರಿವರಿಗೆ ತೋರಿಸುತ್ತಾರೆ. ತೋರಿಸಲಿ.

ಕಾಫಿಯ ಬುಡ ಕಡಿದರೆ ಸಾಯುವುದಿಲ್ಲ. ಮಳೆ ಹಿಡಿಯುತ್ತಲೇ ಚಪ್ಪಡಿ ಸಂದಿಯಿಂದ ಚಿಗುರು ಬಂತು. ಸಾಹುಕಾರರು ಒಂದು ದಿನ ಜೀಪು ನಿಲ್ಲಿಸಿ ಬಗ್ಗಿ ನೋಡಿ, ಎಷ್ಟೋ ತಿಂಗಳ ಮೇಲೆ ನನ್ನ ಜೊತೆ ಮಾತಾಡಿದರು. "ನೋಡಿದ್ರಾ ಟೀಚರಮ್ಮ? ಹೆಂಗ್ ಚಿಗ್ರೈತೆ! ಒಂದು ಚಿಗುರು ಬಿಟ್ರೆ ಮತ್ತೆ ಗಿಡ ಆಯ್ತದೆ," ಎಂದರು. ಮುಖದಲ್ಲಿ ಎಂಥ ಸಂತೋಷ! ಬೈಯಲು ಬಾಯಿ ತೆರೆದವಳು ನಾನೂ ಬಗ್ಗಿ ಚಿಗುರು ನೋಡಿದೆ. ಹುಚ್ಚು ಬಿಡುವ ಜಾತಿ ಅಲ್ಲ ಇದು, ನಾನೂ ಸೇರಿ.

ಈಗಲೂ ಬುಧವಾರ ಆಟೋ ಬರುತ್ತದೆ. ಅವನಿಗೆ ಕಂಬಿ ಹಿಡಿದು ಒಂದಿಷ್ಟು ಹೊತ್ತು ನಿಲ್ಲಲು ಬರುತ್ತದೆ, ನಡೆಯಲು ಇನ್ನೂ ಇಲ್ಲ. ಕುರ್ಚಿಯಲ್ಲಿ ಕೂತು ತಾನೇ ಗಾಲಿ ನೂಕಿಕೊಂಡು ಮೇಲೆ ಹೋಗುತ್ತಾನೆ. ಅವಳು ಕೆಳಗಿನಿಂದ ಒಂದೊಂದೇ ಬುಡದ ಹತ್ತಿರ ಬಗ್ಗಿ, ತೋಟದಲ್ಲಿ ಕೂಲಿಗೆ ಮಾಡುವ ಹಾಗೆಯೇ ಚಿಗುರು ಮುರಿಯುತ್ತಾ ಬರುತ್ತಾಳೆ. ಒಂದನ್ನೂ ಬಿಡುವುದಿಲ್ಲ.

"ಬಾರೇ, ಹೊತ್ತಾಯ್ತು," ಎಂದು ಅವನು ಜಗಲಿಯಿಂದ ಕೂಗುತ್ತಾನೆ.

"ನೀನ್ ಹೋಗು," ಎನ್ನುತ್ತಾಳೆ ಅವಳು, ತಲೆ ಎತ್ತದೆ.